ಗನ್ ಹಿಡಿಯುವ ಮೊದಲೇ ಗೆಲ್ಲಿ: ಟಿಂಕರಿಂಗ್-ಪೇಂಟಿಂಗ್ ಹುಡುಗರಿಗೆ 18 ಸೂತ್ರಗಳು

ಬೈಲಹೊಂಗಲದಿಂದ ಯಾವ ರಸ್ತೆ ಹಿಡಿದು ಹೊರಟರೂ ಒಂದಲ್ಲ ಒಂದು ಪತ್ರಾಸ್ ಶೆಡ್ ಕಣ್ಣಿಗೆ ಬೀಳುತ್ತದೆ. ಮುಂದೆ ಬಾಗಿಲು ಕಳಚಿದ ಕಾರು, ಪಕ್ಕದಲ್ಲಿ ಕಬ್ಬಿನ ಟ್ರೇಲರ್, ಒಳಗೆ ಕಂಪ್ರೆಸರಿನ ಗಡಗಡ. ಆ ಶೆಡ್ಡಿನಲ್ಲಿ ಮೈತುಂಬ ಪುಟ್ಟಿ ಧೂಳು ಮೆತ್ತಿಕೊಂಡು ನಿಂತಿರುವ ಹುಡುಗ ನೀವಾಗಿದ್ದರೆ ಈ ಲೇಖನ ನಿಮಗೇ.

ಕೆಲಸಕ್ಕೆ ಬರ ಇಲ್ಲ. ಹಳೆಯ ಕಾಗದಪತ್ರಗಳಲ್ಲಿ ಸಂಪಗಾಂವ ತಾಲೂಕು ಅನ್ನಿಸಿಕೊಂಡ ಬೈಲಹೊಂಗಲ-ಕಿತ್ತೂರು ಸೀಮೆ, ಪಕ್ಕದ ಸವದತ್ತಿ, ರಾಮದುರ್ಗ ಎಲ್ಲ ಸೇರಿಸಿ ಕೆಎ-24 ನಂಬರಿನ ಗಾಡಿಗಳನ್ನೇ ಎಣಿಸಿ ನೋಡಿ. ಹಂಗಾಮಿನಲ್ಲಿ ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ, ಮುನವಳ್ಳಿಯ ರೇಣುಕಾ ಶುಗರ್ಸ್ ಕಡೆ ಸಾಲುಗಟ್ಟುವ ಟ್ರ್ಯಾಕ್ಟರ್‌ಗಳಿವೆ. ಹುಣ್ಣಿಮೆ ಬಂತೆಂದರೆ ಯಲ್ಲಮ್ಮನ ಗುಡ್ಡಕ್ಕೆ ಹತ್ತುವ ಗಾಡಿಗಳಿವೆ. ಕಿತ್ತೂರಿನ ಮಗ್ಗುಲಲ್ಲಿ ರಾಷ್ಟ್ರೀಯ ಹೆದ್ದಾರಿ 48 ಹಗಲೂ ರಾತ್ರಿ ಹರಿಯುತ್ತಿದೆ. ತಗ್ಗು ಬೀಳುವ ತಗಡಿಗೆ ಕೊರತೆ ಇಲ್ಲ. ಎರಡು ಮಳೆಗಾಲ ದಾಟಿದರೂ ಬಣ್ಣ ಏಳದ ಹಾಗೆ ಕೆಲಸ ಮಾಡುವ ಕೈಗಳಿಗೆ ಮಾತ್ರ ಕೊರತೆ. ಆ ಕೈ ನಿಮ್ಮದಾಗಲಿ.

ಒಂದು ಬಾಗಿಲಿಗೆ ಗನ್ನಿನಿಂದ ಬಣ್ಣ ಹೊಡೆಯುವುದು ಇಪ್ಪತ್ತು ನಿಮಿಷದ ಆಟ. ನಿಮ್ಮ ಹೆಸರು ತೀರ್ಮಾನವಾಗುವುದು ಅದಕ್ಕೂ ಹಿಂದಿನ ಎರಡು ದಿನಗಳಲ್ಲಿ.

1. ‘ಬಣ್ಣ ಎಲ್ಲಾ ಮುಚ್ತೈತಿ’ ಎನ್ನುವ ಮಾತು ಬಿಡಿ

ಹೊಸ ಕಾರಿನ ಮೇಲೆ ಪ್ರೈಮರ್, ಬಣ್ಣ, ಕ್ಲಿಯರ್ ಎಲ್ಲ ಕೂಡಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ ಇರುತ್ತದೆ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್. ಎರಡು ಕೂದಲು ಒಂದರ ಮೇಲೊಂದು ಇಟ್ಟಷ್ಟು ದಪ್ಪದ ಪದರ ಏನನ್ನು ತಾನೇ ಮುಚ್ಚೀತು? ಮುಚ್ಚುವುದಿರಲಿ, ಹೊಳಪು ಏರಿದಷ್ಟೂ ತಪ್ಪು ಎದ್ದು ಕಾಣುತ್ತದೆ. ಪ್ರೈಮರಿನ ಮಂಕಿನಲ್ಲಿ ಅಡಗಿ ಕೂತಿದ್ದ ತಗ್ಗು, ಕ್ಲಿಯರ್ ಬಿದ್ದ ಕೂಡಲೇ ಟ್ಯೂಬ್‌ಲೈಟಿನ ಗೆರೆಯನ್ನು ಹಾವಿನ ಹಾಗೆ ಬಳುಕಿಸಿ ತೋರಿಸುತ್ತದೆ. ತಪ್ಪು ಕಂಡ ಹಂತದಲ್ಲೇ ತಿದ್ದಿ. ಮುಂದಿನ ಹಂತಕ್ಕೆ ಸಾಲ ಹೊರಿಸಬೇಡಿ.

2. ತೊಳೆಯಿರಿ, ಒರೆಸಿ, ಆಮೇಲೆ ಪೇಪರ್ ಮುಟ್ಟಿ

ನಮ್ಮ ಎರಿ ಮಣ್ಣಿನ ಗುಣ ನಿಮಗೆ ಗೊತ್ತು. ಗಾಲಿಯ ಮೇಲಿನ ಕಮಾನಿನಲ್ಲಿ ಒಮ್ಮೆ ಅಂಟಿಕೊಂಡರೆ ಸ್ಪಂಜಿನ ಹಾಗೆ ನೀರು ಹಿಡಿದು ಒಳಗೊಳಗೇ ತಗಡು ತಿನ್ನುತ್ತದೆ. ಗುಡ್ಡಕ್ಕೆ ಹೋಗಿ ಬಂದ ಗಾಡಿಯಾದರೆ ಇನ್ನೊಂದು ತಲೆನೋವು: ಬಾಗಿಲ ಸಂದು, ರಬ್ಬರ್ ಬೀಡಿಂಗ್, ಬಾನೆಟ್ಟಿನ ಅಂಚು ಎಲ್ಲೆಲ್ಲೂ ಭಂಡಾರ. ಅಮ್ಮನ ಭಂಡಾರ ಹಣೆಯ ಮೇಲೆ ಚೆಂದ. ಗನ್ನಿನ ಗಾಳಿಗೆ ಹಾರಿ ಬಂದು ಹಸಿ ಬಿಳಿ ಬಣ್ಣದ ಮೇಲೆ ಕೂತರೆ ಇಡೀ ಬಾಗಿಲು ಮತ್ತೆ ಮೊದಲಿನಿಂದ.

ನೀರಿನಿಂದ ತೊಳೆದರೆ ಕೆಲಸ ಅರ್ಧವಾಯಿತು ಅಷ್ಟೆ. ಮೇಣ, ಎಣ್ಣೆ, ಪಾಲಿಶಿನ ಸಿಲಿಕೋನ್ ನೀರಿಗೆ ಬಗ್ಗುವುದಿಲ್ಲ. ಡಿಗ್ರೀಸರ್ ಹಾಕಿದ ಒಂದು ಬಟ್ಟೆಯಿಂದ ಒರೆಸಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ಎತ್ತಿಬಿಡಿ. ಒಂದೇ ಬಟ್ಟೆಯಲ್ಲಿ ಎರಡೂ ಮಾಡಿದರೆ ಜಿಡ್ಡನ್ನು ಊರೆಲ್ಲ ಹಂಚಿದಂತೆ. ಇದನ್ನು ಪೇಪರ್ ತಿಕ್ಕುವುದಕ್ಕೆ ಮೊದಲೇ ಮಾಡಿ, ತಿಕ್ಕಿದ ಮೇಲೆ ಮತ್ತೊಮ್ಮೆ ಮಾಡಿ. ಮೊದಲು ಪೇಪರ್ ಹಾಕಿದರೆ ಜಿಡ್ಡು ಗೀರುಗಳ ಒಳಗೆ ಇಳಿದು ಕೂರುತ್ತದೆ. ಬಣ್ಣ ಬಿದ್ದಾಗ ಅಲ್ಲಲ್ಲಿ ಮೀನಿನ ಕಣ್ಣಿನಂಥ ಗುಳಿ ಬಿಡುತ್ತದೆ. ಟೈರ್ ಪಾಲಿಶ್, ಡ್ಯಾಶ್‌ಬೋರ್ಡ್ ಸ್ಪ್ರೇ ಡಬ್ಬಿಗಳನ್ನು ಪೇಂಟಿಂಗ್ ಜಾಗದ ಹತ್ತಿರವೂ ಇಡಬೇಡಿ.

3. ಪೆಟ್ಟನ್ನು ಓದಿ, ಆಮೇಲೆ ಹೊಡೆಯಿರಿ

ಗಾಡಿ ಬಂದ ಕೂಡಲೇ ಸುತ್ತಿಗೆ ಎತ್ತಬೇಡಿ. ಹತ್ತು ನಿಮಿಷ ಸುಮ್ಮನೆ ನೋಡಿ. ಮೊದಲು ಎಲ್ಲಿ ತಾಗಿತು? ಆಮೇಲೆ ತಗಡು ಎಲ್ಲಿ ಮಡಚಿಕೊಂಡಿತು? ಕೊನೆಗೆ ಎಲ್ಲಿ ಉಬ್ಬಿತು? ಬಿಡಿಸುವಾಗ ಕ್ರಮ ಉಲ್ಟಾ: ಕೊನೆಗೆ ಆದದ್ದು ಮೊದಲು, ಮೊದಲು ಆದದ್ದು ಕೊನೆಗೆ. ತಗ್ಗಿನ ನಟ್ಟನಡುವೆ ಹೊಡೆಯುವ ಹುಡುಗರನ್ನು ದಿನವೂ ನೋಡುತ್ತೇವೆ. ನಡುವೆ ಹೊಡೆದರೆ ತಗಡು ಹಿಗ್ಗುತ್ತದೆ. ಸುತ್ತಲಿನ ಉಬ್ಬು ಹಾಗೇ ಅದನ್ನು ಹಿಡಿದುಕೊಂಡಿರುತ್ತದೆ. ಮೊದಲು ಅಂಚಿನ ಉಬ್ಬು ಸಡಿಲಿಸಿ, ತಗ್ಗು ತಾನಾಗಿಯೇ ಅರ್ಧ ಏಳುತ್ತದೆ.

4. ಸುತ್ತಿಗೆಗಿಂತ ಡಾಲಿಗೆ ಹೆಚ್ಚು ಮರ್ಯಾದೆ ಕೊಡಿ

ಕಾರಿನ ಬಾಗಿಲಿನ ಹೊರತಗಡು ಹೆಚ್ಚುಕಡಿಮೆ 0.7 ಮಿ.ಮೀ. ಇರುತ್ತದೆ. ಟ್ರೇಲರಿನ ತಗಡಿಗೆ ಹೊಡೆದ ಕೈಯಲ್ಲೇ ಇದಕ್ಕೂ ಹೊಡೆದರೆ ಮುಗಿಯಿತು. ಎರಡು ವಿಧಾನ ಬೇರೆ ಬೇರೆ ಕಲಿಯಿರಿ. ಡಾಲಿ ತಗ್ಗಿನ ಹಿಂದೆ, ಸುತ್ತಿಗೆ ಪಕ್ಕದ ಉಬ್ಬಿನ ಮೇಲೆ: ಇದು ಆಕಾರ ಎತ್ತುವ ಹೊಡೆತ. ಡಾಲಿಯ ನೇರಕ್ಕೇ ಸುತ್ತಿಗೆ: ಇದು ಸಣ್ಣ ಏರುಪೇರು ಸಮ ಮಾಡುವ ಹೊಡೆತ, ಆದರೆ ತಗಡನ್ನು ಹಿಗ್ಗಿಸುತ್ತದೆ. ಮೊದಲನೆಯದು ಹೆಚ್ಚು, ಎರಡನೆಯದು ಕಡಿಮೆ. ಒಂದೇ ಭಾರಿ ಪೆಟ್ಟಿಗಿಂತ ಇಪ್ಪತ್ತು ಹಗುರ ಪೆಟ್ಟು ಲೇಸು.

ಹಿಗ್ಗಿದ ತಗಡಿನ ಗುರುತು ಸುಲಭ. ಹೆಬ್ಬೆರಳಿನಿಂದ ಒತ್ತಿದರೆ ಎಣ್ಣೆ ಡಬ್ಬಿಯ ಹಾಗೆ ‘ಟಪಕ್’ ಎಂದು ಒಳಗೆ ಹೋಗಿ, ಬಿಟ್ಟರೆ ‘ಟಪಕ್’ ಎಂದು ಹೊರಗೆ ಬರುತ್ತದೆ. ಇದರ ಮೇಲೆ ಪುಟ್ಟಿ ಬಳಿದರೆ ಒಂದಿಲ್ಲೊಂದು ದಿನ ಬಿರುಕು ಬಿಡುವುದು ಗ್ಯಾರಂಟಿ. ಸಣ್ಣ ಜಾಗಕ್ಕೆ ಕೆಂಪಗಾಗುವಷ್ಟು ಬಿಸಿ ಕೊಟ್ಟು, ಮೆಲ್ಲಗೆ ತಟ್ಟಿ, ಒದ್ದೆ ಬಟ್ಟೆಯಿಂದ ತಣಿಸಿ. ತಗಡು ಕುಗ್ಗಿ ಬಿಗಿಯಾಗುತ್ತದೆ. ಗುಜರಿ ಬಾಗಿಲೊಂದನ್ನು ತಂದು ಭಾನುವಾರ ಅದರ ಮೇಲೆ ಅಭ್ಯಾಸ ಮಾಡಿ. ಗಿರಾಕಿಯ ಬಾಗಿಲು ನಿಮ್ಮ ಪಾಟಿ ಅಲ್ಲ.

5. ಮನುಷ್ಯರ ಜಾತಿ ಕೇಳಬೇಡಿ, ಬಣ್ಣದ ಜಾತಿ ಕೇಳಿ

1923ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿ ‘ಡ್ಯೂಕೊ’ ಎಂಬ ನೈಟ್ರೊಸೆಲ್ಯುಲೋಸ್ ಬಣ್ಣ ತಂದಿತು. ಅಲ್ಲಿಯವರೆಗೆ ಕಾರಿನ ಬಣ್ಣ ಪೂರ್ತಿ ಒಣಗಲು ವಾರಗಟ್ಟಲೆ ಹಿಡಿಯುತ್ತಿತ್ತು. ಡ್ಯೂಕೊ ಅದನ್ನು ಗಂಟೆಗಳಿಗೆ ಇಳಿಸಿತು. ನಮ್ಮಲ್ಲಿ ಇಂದಿಗೂ ಹಳಬರು ಯಾವ ಸ್ಪ್ರೇ ಕೆಲಸಕ್ಕೂ ‘ಡುಕೊ’ ಎನ್ನುವುದು ಅದೇ ಹೆಸರಿನ ಉಳಿಕೆ. ಈಗ ಶೆಡ್ಡಿಗೆ ಬರುವ ಗಾಡಿಗಳ ಮೇಲೆ ಕಂಪನಿಯ ಬೇಕ್ ಮಾಡಿದ ಬಣ್ಣ ಇರಬಹುದು, ಪಿಯು (ಪಾಲಿಯುರೆಥೇನ್) ಇರಬಹುದು, ಎನ್.ಸಿ. (ನೈಟ್ರೊಸೆಲ್ಯುಲೋಸ್) ಇರಬಹುದು, ಟ್ರ್ಯಾಕ್ಟರ್ ಆದರೆ ಯಾರೋ ಬ್ರಶ್ಶಿನಿಂದ ಬಳಿದ ಸಿಂಥೆಟಿಕ್ ಎನಾಮಲ್ ಇರಬಹುದು.

ಒಂದು ಮೂಲೆಯಲ್ಲಿ ಥಿನ್ನರ್ ಹಾಕಿದ ಬಟ್ಟೆಯಿಂದ ಉಜ್ಜಿ ನೋಡಿ. ಬಣ್ಣ ಕರಗಿ ಬಟ್ಟೆಗೆ ಬಂದರೆ, ಇಲ್ಲವೇ ಮೇಲ್ಪದರ ಸುಕ್ಕಾಗಿ ಎದ್ದರೆ, ಅದರ ಮೇಲೆ ಹೊಸ ಪದರ ನೇರವಾಗಿ ಹಾಕುವುದು ಅಪಾಯ. ಎನಾಮಲ್ ಮೇಲೆ ಎನ್.ಸಿ. ಹೊಡೆದರೆ ಥಿನ್ನರ್ ಕೆಳಗಿನ ಪದರವನ್ನು ನೆನೆಸಿ ಎಬ್ಬಿಸುತ್ತದೆ. ಅನುಮಾನವಿದ್ದರೆ ಬರೀ ತಗಡು ಕಾಣುವವರೆಗೆ ತೆಗೆಯಿರಿ. ಅರ್ಧ ದಿನ ಹೋಗುತ್ತದೆ, ಗಿರಾಕಿ ಉಳಿಯುತ್ತಾನೆ.

6. ತುಕ್ಕಿಗೆ ಕರುಣೆ ತೋರಿಸಬೇಡಿ

ಹಂಗಾಮಿಗೆ ಮೊದಲು ಬರುವ ಟ್ರೇಲರ್‌ಗಳನ್ನು ನೋಡಿ. ಒಂದು ವರ್ಷ ಕಬ್ಬಿನ ರಸ, ಯೂರಿಯಾ, ಡಿಎಪಿ, ಎರಿ ಮಣ್ಣು ಎಲ್ಲ ಉಂಡು ಬಂದಿರುತ್ತವೆ. ಗೊಬ್ಬರದ ಉಪ್ಪು ಗಾಳಿಯಲ್ಲಿನ ತೇವ ಎಳೆದುಕೊಂಡು ಕಬ್ಬಿಣವನ್ನು ತಿನ್ನುತ್ತದೆ. ಹೀಗಾಗಿ ಮೊದಲು ನೀರಿನಿಂದ ಉಪ್ಪು ತೊಳೆಯಲೇಬೇಕು. ತೊಳೆಯದೆ ವೈರ್ ಬ್ರಶ್ ಹೊಡೆದು ರೆಡ್ ಆಕ್ಸೈಡ್ ಬಳಿದರೆ ಅದರ ಅಡಿಯಲ್ಲಿ ತಿನ್ನುವುದು ಮುಂದುವರಿಯುತ್ತದೆ.

ಕಾರಿನ ವಿಷಯಕ್ಕೆ ಬಂದರೆ ನಿಯಮ ಇನ್ನೂ ಬಿಗಿ. ಮೇಲ್ಮೈ ತುಕ್ಕಾದರೆ ಬೆಳ್ಳಗೆ ತಗಡು ಕಾಣುವವರೆಗೆ ತಿಕ್ಕಿ. ತೂತು ಬಿದ್ದಿದ್ದರೆ ಕತ್ತರಿಸಿ ಹೊಸ ತುಂಡು ಹಾಕಿ. ತೂತಿಗೆ ಪುಟ್ಟಿ ತುಂಬುವುದು ರಿಪೇರಿ ಅಲ್ಲ, ಮೋಸ. ವೆಲ್ಡಿಂಗ್ ಮಾಡುವಾಗ ಬ್ಯಾಟರಿಯ ನೆಗೆಟಿವ್ ಕಳಚಿ. ಉದ್ದಕ್ಕೂ ಒಂದೇ ಸಮ ಎಳೆಯದೆ ಅಲ್ಲೊಂದು ಇಲ್ಲೊಂದು ಟಾಕಾ ಹಾಕುತ್ತ, ನಡುವೆ ಆರಲು ಬಿಡುತ್ತ ಹೋಗಿ. ಇಲ್ಲದಿದ್ದರೆ ಬಿಸಿಗೆ ತಗಡು ಸೊಟ್ಟಾಗುತ್ತದೆ. ವೆಲ್ಡ್ ಆದ ಜಾಗದ ಹಿಂಬದಿ ಯಾರಿಗೂ ಕಾಣುವುದಿಲ್ಲ, ತುಕ್ಕು ಮತ್ತೆ ಶುರುವಾಗುವುದು ಅಲ್ಲಿಂದಲೇ. ಅಲ್ಲಿಗೂ ಪ್ರೈಮರ್ ಮುಟ್ಟಿಸಿ.

ಮಳೆಗಾಲದಲ್ಲಿ ಬರೀ ತಗಡನ್ನು ರಾತ್ರಿಯಿಡೀ ಹಾಗೇ ಬಿಡಬೇಡಿ. ಬೆಳಿಗ್ಗೆ ಬಂದರೆ ಕೆಂಪಗೆ ಹೂ ಬಿಟ್ಟಿರುತ್ತದೆ. ಸಂಜೆ ಮನೆಗೆ ಹೊರಡುವ ಮೊದಲು ಎಪಾಕ್ಸಿ ಪ್ರೈಮರ್ ಒಂದು ಕೋಟ್ ಕೊಟ್ಟೇ ಬೀಗ ಹಾಕಿ.

ಟ್ರೇಲರಿಗೆ ಸಂಬಂಧಿಸಿ ಇನ್ನೊಂದು ಮಾತು. ಹೂವು, ನವಿಲು, ಮಾಲೀಕನ ಮಕ್ಕಳ ಹೆಸರು ಎಲ್ಲಾ ಬರೆಯಿರಿ. ಹಿಂದೆ ಕೆಂಪು ರೇಡಿಯಂ ಹಚ್ಚದೆ ಮಾತ್ರ ಶೆಡ್ಡಿನಿಂದ ಬಿಡಬೇಡಿ. ಕತ್ತಲಲ್ಲಿ ನಿಂತ ಟ್ರೇಲರಿಗೆ ಬೈಕ್ ಗುದ್ದಿದ ಸುದ್ದಿ ಹಂಗಾಮಿನಲ್ಲಿ ಎಷ್ಟು ಸಲ ಓದಿದ್ದೀರಿ?

7. ಪುಟ್ಟಿಯನ್ನು ಔಷಧದ ಹಾಗೆ ಬಳಸಿ

ಈ ಸೂತ್ರಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ. ಇಲ್ಲಿ ಪೆಟ್ಟು ತಿಂದವನು ನಾನೇ.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ಕಾರಿನ ಹಿಂಬಾಗಿಲಿಗೆ ಟ್ರೇಲರಿನ ಮೂಲೆ ಉಜ್ಜಿ ಅಂಗೈ ಅಗಲದ ತಗ್ಗಾಯಿತು. ಒಂದು ಗ್ಯಾರೇಜಿಗೆ ಬಿಟ್ಟೆ. ಮರುದಿನವೇ ಕನ್ನಡಿಯಂಥ ಬಾಗಿಲು ಕೊಟ್ಟರು. ಖುಷಿಯಿಂದ ಕೇಳಿದ್ದಕ್ಕಿಂತ ನೂರು ರೂಪಾಯಿ ಹೆಚ್ಚೇ ಕೊಟ್ಟು ಬಂದೆ. ಮಳೆಗಾಲ ಮುಗಿಯುವಷ್ಟರಲ್ಲಿ ಅದೇ ಜಾಗದಲ್ಲಿ ಹಪ್ಪಳದ ಮೇಲಿನ ಗುಳ್ಳೆಯಂಥವು ನಾಲ್ಕೈದು ಎದ್ದವು. ಒಂದನ್ನು ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿದೆ. ಕಂದು ನೀರು ಒಂದು ಹನಿ ಇಳಿಯಿತು. ಕೆರೆದರೆ ಪುಟ್ಟಿ ಬಿಸ್ಕಿಟ್ಟಿನ ಹಾಗೆ ಬಂತು, ಅಡಿಯಲ್ಲಿ ತಗಡು ಪೂರ್ತಿ ಕೆಂಪು.

ಕಾರಣ ಸರಳ. ಪಾಲಿಯೆಸ್ಟರ್ ಪುಟ್ಟಿಯಲ್ಲಿ ಟಾಲ್ಕ್ ಪುಡಿ ಸಾಕಷ್ಟು ಇರುತ್ತದೆ, ಪುಟ್ಟಿ ನೀರು ಕುಡಿಯುತ್ತದೆ. ಗ್ಯಾರೇಜಿನ ಹುಡುಗ ಬಕೆಟ್ ಇಟ್ಟುಕೊಂಡು ನೀರು ಹಚ್ಚಿ ಪೇಪರ್ ತಿಕ್ಕಿದ್ದ, ಕುಡಿದ ನೀರು ಆರುವ ಮೊದಲೇ ಪ್ರೈಮರ್ ಹೊಡೆದಿದ್ದ. ನೀರು ಒಳಗೇ ಬಂದಿಯಾಯಿತು.

ಆದ್ದರಿಂದ ಪಾಲಿಯೆಸ್ಟರ್ ಪುಟ್ಟಿಯನ್ನು ಒಣದಾಗಿಯೇ ತಿಕ್ಕಿ. ಧೂಳು ಜಾಸ್ತಿ, ಹೌದು. ಮಾಸ್ಕ್ ಹಾಕಿ.

ಕಲಸುವ ರೀತಿ ಹೀಗೆ. ಹಾರ್ಡನರ್ ಟ್ಯೂಬನ್ನು ಮೊದಲು ಹಿಸುಕಿ ಒಳಗೇ ಬೆರೆಸಿ. ಅಳತೆ ತೂಕದಲ್ಲಿ ಸುಮಾರು ಶೇ 2, ಅಂದರೆ 100 ಗ್ರಾಂ ಪುಟ್ಟಿಗೆ 2 ಗ್ರಾಂ. ಕಡಿಮೆ ಹಾಕಿದರೆ ಅಂಟಂಟಾಗಿಯೇ ಉಳಿಯುತ್ತದೆ. ಜಲ್ದಿ ಆರಲಿ ಎಂದು ಜಾಸ್ತಿ ಸುರಿದರೆ ಉಳಿದ ಪೆರಾಕ್ಸೈಡ್ ಮೇಲೆದ್ದು ಬಿಳಿ ಬಣ್ಣದಲ್ಲಿ ಕಲೆ ಬಿಡುತ್ತದೆ. ರೊಟ್ಟಿ ಹಿಟ್ಟು ನಾದುವ ಹಾಗೆ ಒತ್ತಿ ಮಡಚಿ ಕಲಸಿ. ಚಮಚದಿಂದ ತಿರುವಿದ ಹಾಗೆ ಮಾಡಿದರೆ ಗಾಳಿ ಸೇರಿ, ತಿಕ್ಕಿದಾಗ ಸೂಜಿತೂತು ಕಾಣುತ್ತವೆ. ಬಣ್ಣ ಎಲ್ಲೂ ಗೆರೆ ಇಲ್ಲದೆ ಒಂದೇ ಆಗಬೇಕು. ಕೈಗೆ ಸಿಗುವ ಸಮಯ ನಾಲ್ಕೈದು ನಿಮಿಷ, ಏಪ್ರಿಲ್ ಬಿಸಿಲಲ್ಲಿ ಇನ್ನೂ ಕಡಿಮೆ. ಹಿಡಿಯಷ್ಟೇ ಕಲಸಿ.

80 ನಂಬರ್ ಪೇಪರಿನ ಗೀರು ಬಿದ್ದ ತಗಡಿಗೆ ಅಥವಾ ಆರಿದ ಎಪಾಕ್ಸಿಗೆ ಹಚ್ಚಿ. ಆಮ್ಲ ಇರುವ ಎಚ್ ಪ್ರೈಮರಿನ ಮೇಲೆ ನೇರವಾಗಿ ಬೇಡ, ಪುಟ್ಟಿ ಗಟ್ಟಿಯಾಗುವುದನ್ನು ಆಮ್ಲ ಕೆಡಿಸುತ್ತದೆ. ಮೊದಲ ಪದರ ತೆಳ್ಳಗೆ, ಒತ್ತಿ. ಒಟ್ಟು ದಪ್ಪ ಎರಡು-ಮೂರು ಮಿ.ಮೀ. ದಾಟಿತೆಂದರೆ ಮತ್ತೆ ಡಾಲಿ ಕೈಗೆತ್ತಿಕೊಳ್ಳಿ. ನಿಮ್ಮ ತಗಡಿನ ಕೆಲಸ ಮುಗಿದಿಲ್ಲ ಎಂದರ್ಥ.

8. ಬೆರಳಲ್ಲ, ಬ್ಲಾಕ್. ನಂಬರ್ ಹಾರಬೇಡಿ

ಪೇಪರನ್ನು ಬರಿಗೈಯಲ್ಲಿ ಹಿಡಿದರೆ ಬೆರಳು ನಾಲ್ಕೂ ನಾಲ್ಕು ಕಾಲುವೆ ತೋಡುತ್ತವೆ. ಉದ್ದನೆಯ ಬ್ಲಾಕಿಗೆ ಸುತ್ತಿ, ಒಮ್ಮೆ ಓರೆಯಾಗಿ ಈ ಕಡೆ, ಒಮ್ಮೆ ಓರೆಯಾಗಿ ಆ ಕಡೆ ತಿಕ್ಕಿ. ಪುಟ್ಟಿಗೆ 80ರಿಂದ ಶುರು ಮಾಡಿ 120, 180, 240, 320 ಹೀಗೆ ಮೆಟ್ಟಿಲು ಇಳಿಯಿರಿ. ಪ್ರೈಮರಿಗೆ 400, 600. ಮೆಟಾಲಿಕ್ ಬೇಸ್ ಬೀಳುವುದಿದ್ದರೆ 800ರವರೆಗೆ ಹೋಗಿ. 80ರಿಂದ ನೇರ 320ಕ್ಕೆ ಜಿಗಿದರೆ ಆಳದ ಗೀರು ಅಲ್ಲೇ ಉಳಿಯುತ್ತದೆ. ಪ್ರೈಮರ್ ಅದನ್ನು ತುಂಬಿದಂತೆ ನಟಿಸಿ, ಎರಡು ವಾರದ ನಂತರ ಕುಗ್ಗಿ, ಗೀರನ್ನು ಮತ್ತೆ ಮೇಲೆ ತಂದು ನಿಲ್ಲಿಸುತ್ತದೆ.

ಹಳೆಯ ಬಣ್ಣ ಮತ್ತು ತಗಡು ಕೂಡುವ ಅಂಚು ಬಹಳ ಮುಖ್ಯ. ಉಗುರು ಎಳೆದರೆ ತಡೆಯಬಾರದು. ತಡೆದರೆ ಇನ್ನೂ ಅಗಲಕ್ಕೆ ತಿಕ್ಕಿ.

9. ಕಣ್ಣನ್ನು ನಂಬಬೇಡಿ, ಅಂಗೈಯನ್ನು ನಂಬಿ

ಪುಟ್ಟಿ ಬೂದು, ಹಳೆಯ ಬಣ್ಣ ಕೆಂಪು, ತಗಡು ಬೆಳ್ಳಗೆ. ಮೂರು ಬಣ್ಣದ ನಡುವೆ ಕಣ್ಣು ಸಮತಟ್ಟನ್ನು ಅಳೆಯಲಾರದು. ಅಂಗೈಯ ಅಡಿ ತೆಳ್ಳನೆಯ ಹತ್ತಿಬಟ್ಟೆ ಇಟ್ಟು, ಬಾಗಿಲಿನ ಒಳ್ಳೆಯ ಭಾಗದಿಂದ ಶುರು ಮಾಡಿ ರಿಪೇರಿಯ ಮೇಲೆ ಹಾಯ್ದು ಆಚೆಯ ಒಳ್ಳೆಯ ಭಾಗಕ್ಕೆ ನಿಧಾನವಾಗಿ ಎಳೆಯಿರಿ. ಕಣ್ಣು ಮುಚ್ಚಿಕೊಂಡೇ ಮಾಡಿ. ಅಂಗೈ ಎಲ್ಲಿ ಇಳಿಯಿತು, ಎಲ್ಲಿ ಏರಿತು ಎಂಬುದು ಮೊದಲ ದಿನ ತಿಳಿಯುವುದಿಲ್ಲ. ಮೂರು ತಿಂಗಳಲ್ಲಿ ಕಾಗದದಷ್ಟು ತಗ್ಗೂ ತಿಳಿಯುತ್ತದೆ. ‘ನನ್ನ ಕೈಗೆ ಅದು ಬರೂದಿಲ್ಲ’ ಅನ್ನುವುದು ಅಭ್ಯಾಸ ತಪ್ಪಿಸಿಕೊಳ್ಳುವ ನೆಪ. ದಿನಕ್ಕೆ ಹತ್ತು ಸಲ ಎಳೆಯಿರಿ, ಬರುತ್ತದೆ.

ಪ್ರೈಮರ್ ಮೇಲೆ ಕಪ್ಪು ಬಣ್ಣವನ್ನು ಮಂಜಿನಂತೆ ಹಗುರವಾಗಿ ಎರಚಿ ಬ್ಲಾಕ್ ತಿಕ್ಕಿ. ಕಪ್ಪು ಉಳಿದಲ್ಲಿ ತಗ್ಗು. ಬೇಗ ತಗಡು ಕಂಡಲ್ಲಿ ಉಬ್ಬು. ಇಷ್ಟು ಅಗ್ಗದ ಇನ್‌ಸ್ಪೆಕ್ಟರ್ ನಿಮಗೆ ಬೇರೆಲ್ಲೂ ಸಿಗುವುದಿಲ್ಲ.

10. ‘ಸಂಜಿಗೆ ಕೊಡ್ರಿ’ ಎಂಬ ಮಾತಿಗೆ ಉತ್ತರ ಸಿದ್ಧ ಇಟ್ಟುಕೊಳ್ಳಿ

ಖಂಡೇನವಮಿಗೆ ಮೂರು ದಿನ ಇರುವಾಗ ಎಲ್ಲರಿಗೂ ಗಾಡಿ ಹೊಸದಾಗಬೇಕು.

“ತಮ್ಮಾ, ಸಂಜಿ ಅನ್ನೂದ್ರಾಗ ಗಾಡಿ ಬೇಕ ನೋಡಪಾ.”

“ಸಂಜಿಗೇ ಕೊಡ್ತೇನ್ರಿ ಸಾವ್ಕಾರ್ರ. ಆದ್ರ ಪ್ರೈಮರ್ ಹಸಿ ಐತಿ, ದೀಪಾವಳಿ ಅನ್ನೂದ್ರಾಗ ಗೀರು ಮ್ಯಾಲೆ ಬರ್ತಾವು. ನಾಡಿದ್ದ ಒಯ್ರಿ, ಐದ ವರ್ಷ ಈ ಕಡೆ ಬರೂದು ಬ್ಯಾಡ.”

ಹೀಗೆ ನಗುತ್ತ ಹೇಳಿದರೆ ಹತ್ತರಲ್ಲಿ ಎಂಟು ಜನ ಒಪ್ಪುತ್ತಾರೆ. ಒಪ್ಪದ ಇಬ್ಬರನ್ನು ಹೋಗಲು ಬಿಡಿ. ಪ್ರೈಮರ್ ಡಬ್ಬಿಯ ಮೇಲೆ ಬರೆದ ಆರುವ ಸಮಯವನ್ನು ಕಂಪನಿಯವರು ಸುಮ್ಮನೆ ಬರೆದಿಲ್ಲ.

11. ಬಂಪರಿಗೆ ಬೇರೆ ನಿಯಮ

ಬಂಪರ್ ಹೆಚ್ಚಾಗಿ ಪಾಲಿಪ್ರೊಪಿಲೀನ್. ಈ ಪ್ಲಾಸ್ಟಿಕ್ ಬಣ್ಣವನ್ನು ಹಿಡಿದುಕೊಳ್ಳುವುದಿಲ್ಲ. ಹೊಸ ಬಂಪರಿನ ಮೇಲೆ ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡೂ ಇರುತ್ತದೆ. ಸೋಪಿನಿಂದ ತೊಳೆಯಿರಿ, ಡಿಗ್ರೀಸರ್ ಹಾಕಿ, ಮೈ ಮಂಕಾಗುವಂತೆ ಉಜ್ಜಿ, ಪ್ಲಾಸ್ಟಿಕ್ ಪ್ರೈಮರ್ ಕೊಡಿ, ಆಮೇಲೆ ಬಣ್ಣ. ಒಂದು ಹೆಜ್ಜೆ ಬಿಟ್ಟರೂ ವಾಟರ್ ಸರ್ವಿಸಿನ ಮೊದಲ ಜೆಟ್ಟಿಗೆ ಸಿಪ್ಪೆ ಸುಲಿಯುತ್ತದೆ.

12. ಮಾಸ್ಕಿಂಗಿನಲ್ಲಿ ಜುಗ್ಗತನ ಬೇಡ

ನಿನ್ನೆಯ ಪತ್ರಿಕೆ ಒಂದೇ ಹಾಳೆ ಅಂಟಿಸಿದರೆ ಥಿನ್ನರ್ ಅದನ್ನು ದಾಟಿ ಒಳಗೆ ಇಳಿಯುತ್ತದೆ. ಎರಡು ಪದರ ಹಾಕಿ, ಸಾಧ್ಯವಾದರೆ ಮಾಸ್ಕಿಂಗ್ ಪೇಪರ್ ತನ್ನಿ. ಹಿಡಿಕೆ, ಬೀಡಿಂಗ್, ಲೈಟು ಬಿಚ್ಚಲು ಬರುವುದಿದ್ದರೆ ಬಿಚ್ಚಿಬಿಡಿ. ರಬ್ಬರಿನ ಮೇಲೆ ಬಿದ್ದ ಒಂದು ಗೆರೆ ಬಣ್ಣ ‘ಈ ಗಾಡಿ ಹೊಡೆಸಿಕೊಂಡಿದೆ’ ಎಂದು ಸೆಕೆಂಡ್ ಹ್ಯಾಂಡ್ ಕೊಳ್ಳುವವನಿಗೆ ಕೂಗಿ ಹೇಳುತ್ತದೆ.

13. ಮಳೆ, ಬಿಸಿಲು, ಕಂಪ್ರೆಸರ್ ಮೂರನ್ನೂ ಓದಿ

ಕಿತ್ತೂರಿನ ಕಡೆ ಜುಲೈನಲ್ಲಿ ಜಿಟಿಜಿಟಿ ನಿಲ್ಲುವುದಿಲ್ಲ. ರಾಮದುರ್ಗದ ಕಡೆ ಅದೇ ಹೊತ್ತಿಗೆ ಧೂಳು ಏಳುತ್ತಿರುತ್ತದೆ. ಒಂದೇ ಥಿನ್ನರ್ ಎರಡೂ ಕಡೆ ನಡೆಯುವುದಿಲ್ಲ. ಥಿನ್ನರ್ ಹಾರುವಾಗ ಮೈಯನ್ನು ತಣ್ಣಗಾಗಿಸುತ್ತದೆ. ಗಾಳಿಯಲ್ಲಿ ತೇವ ಇದ್ದರೆ ಅದು ಹಸಿ ಬಣ್ಣದ ಮೇಲೆ ಇಬ್ಬನಿಯಂತೆ ಕೂತು ಎನ್.ಸಿ. ಬಣ್ಣವನ್ನು ಹಾಲಿನಂತೆ ಬಿಳಿಚಿಸುತ್ತದೆ. ಮಳೆ ಹಿಡಿದ ದಿನ ಟಾಪ್ ಕೋಟ್ ಮುಂದೂಡಿ, ತಗಡಿನ ಕೆಲಸ ಮಾಡಿ. ಬೇಸಿಗೆಯಲ್ಲಿ ನಿಧಾನವಾಗಿ ಹಾರುವ ಥಿನ್ನರ್ ತನ್ನಿ, ಬೆಳಗಿನ ತಂಪಿನಲ್ಲಿ ಹೊಡೆಯಿರಿ. ಅವಸರದ ಥಿನ್ನರ್ ಆದರೆ ಹನಿ ಹರಡುವ ಮೊದಲೇ ಒಣಗಿ ಕಿತ್ತಳೆ ಸಿಪ್ಪೆಯಂಥ ಮೈ ಬರುತ್ತದೆ. ಹೊಡೆಯುವ ಮುಂಚೆ ನೆಲಕ್ಕೆ ನೀರು ಚಿಮುಕಿಸಿ, ಧೂಳು ಕೂರುತ್ತದೆ.

ಕಂಪ್ರೆಸರ್ ಗಾಳಿಯನ್ನು ಒತ್ತಿದಾಗ ಅದರಲ್ಲಿನ ತೇವ ನೀರಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ತಳದ ವಾಲ್ವ್ ದಿನವೂ ತೆರೆದು ಬಿಡದಿದ್ದರೆ ಆ ನೀರೇ ಪೈಪಿನಿಂದ ಗನ್ನಿಗೆ, ಗನ್ನಿನಿಂದ ಬಾಗಿಲಿಗೆ. ನೀರು ಹಿಡಿಯುವ ಫಿಲ್ಟರ್ ಕೂಡ ಹಾಕಿಸಿ.

14. ಬಣ್ಣ ನೋಡಿ ಹೇಳಬೇಡಿ, ಕೋಡ್ ನೋಡಿ

‘ಬಿಳಿ’ ಎಂಬ ಒಂದೇ ಬಣ್ಣ ಲೋಕದಲ್ಲಿಲ್ಲ. ಗಾಡಿಯ ಪ್ಲೇಟಿನಲ್ಲಿ ಕಲರ್ ಕೋಡ್ ಇರುತ್ತದೆ, ಅದನ್ನು ಬರೆದುಕೊಂಡು ಮಿಕ್ಸಿಂಗ್ ಅಂಗಡಿಗೆ ಹೋಗಿ. ಐದು ವರ್ಷ ಬಿಸಿಲುಂಡ ಗಾಡಿಯಲ್ಲಿ ಕೋಡ್ ಬಣ್ಣವೂ ಸ್ವಲ್ಪ ಬೇರೆ ಕಾಣುತ್ತದೆ. ಒಂದು ತುಂಡು ತಗಡಿಗೆ ಹೊಡೆದು, ಕ್ಲಿಯರನ್ನೂ ಹಾಕಿ, ಆರಿಸಿ, ಹೊರಗೆ ಬಿಸಿಲಲ್ಲಿ ಬಾಗಿಲ ಪಕ್ಕ ಹಿಡಿದು ನೋಡಿ. ಟ್ಯೂಬ್‌ಲೈಟಿನ ಕೆಳಗೆ ಹೊಂದಿದ ಬಣ್ಣವನ್ನು ಬಿಸಿಲು ಬಯಲು ಮಾಡುತ್ತದೆ. ಮೆಟಾಲಿಕ್ ಆದರೆ ಪಕ್ಕದ ಪ್ಯಾನೆಲ್ಲಿಗೂ ಬೇಸನ್ನು ಮೆಲ್ಲಗೆ ಬೆರೆಸುತ್ತ ಹೋಗಿ.

15. ಈಗ ಗನ್

ಆರೆಂಟು ಇಂಚು ದೂರ, ಮೈಗೆ ನೇರ, ಮಣಿಕಟ್ಟು ಬೀಸದೆ ಇಡೀ ತೋಳು ಚಲಿಸಲಿ, ಪ್ರತಿ ಸಾಲು ಹಿಂದಿನ ಸಾಲಿನ ಅರ್ಧ ಮುಚ್ಚಲಿ. ಒತ್ತಡ ಗನ್ನಿನ ಕಂಪನಿ ಹೇಳಿದಷ್ಟು, ಕೋಟುಗಳ ನಡುವಿನ ಬಿಡುವು ಬಣ್ಣದ ಡಬ್ಬಿ ಹೇಳಿದಷ್ಟು. ಹಿಂದಿನ ಹದಿನಾಲ್ಕು ಸರಿಯಿದ್ದರೆ ಇಲ್ಲಿ ತಲೆಕೆಡಿಸಿಕೊಳ್ಳುವಂಥದ್ದು ಬಹಳ ಇಲ್ಲ.

16. ಕರವಸ್ತ್ರ ಮಾಸ್ಕ್ ಅಲ್ಲ

ಪಿಯು ಬಣ್ಣದ ಹಾರ್ಡನರಿನಲ್ಲಿ ಐಸೊಸೈನೇಟ್ ಇದೆ. ಇದು ಆಸ್ತಮಾ ತರುವ ಕೆಮಿಕಲ್. ಒಮ್ಮೆ ದೇಹ ಇದಕ್ಕೆ ತಿರುಗಿಬಿದ್ದರೆ ಆಮೇಲೆ ಲವಲೇಶ ಉಸಿರಿಗೆ ಸೇರಿದರೂ ಎದೆ ಬಿಗಿಯುತ್ತದೆ. ಆಗ ಬಿಡಬೇಕಾದ್ದು ಈ ವೃತ್ತಿಯನ್ನೇ. ಧೂಳಿನ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ಕನಿಷ್ಠ ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು, ಹೊರಗಿನ ಶುದ್ಧ ಗಾಳಿ ಪೈಪಿನಿಂದ ಬರುವ ಮುಖವಾಡ ಎಲ್ಲಕ್ಕಿಂತ ಸುರಕ್ಷಿತ. ಗಡ್ಡ ಇದ್ದರೆ ಮಾಸ್ಕ್ ಬಿಗಿಯಾಗಿ ಕೂರುವುದಿಲ್ಲ. ಮಾಸ್ಕಿನ ದುಡ್ಡು ಮಾಲೀಕ ಕೊಡದಿದ್ದರೆ ನೀವೇ ಕೊಡಿ, ಮೊಬೈಲಿನ ಮೇಲೆ ಅದಕ್ಕಿಂತ ಹೆಚ್ಚು ಖರ್ಚು ಮಾಡಿದ್ದೀರಿ. ಥಿನ್ನರ್ ಇರುವಲ್ಲಿ ಬೀಡಿ-ಸಿಗರೇಟು ಬೇಡ ಎಂದು ಬೇರೆ ಹೇಳಬೇಕೇ?

17. ಬಾಯಿ ಲೆಕ್ಕ ಬಿಡಿ, ಬರೆದು ಕೊಡಿ

ಎಸ್ಟಿಮೇಟಿನಲ್ಲಿ ತಗಡು, ಸಾಮಾನು, ಬಣ್ಣ, ಕೂಲಿ ಬೇರೆ ಬೇರೆ ಬರೆಯಿರಿ. ವಿಮೆ ಕ್ಲೇಮ್ ಇದ್ದರೆ ಸರ್ವೇಯರ್ ನೋಡುವ ಮೊದಲು ಒಂದು ಬೋಲ್ಟನ್ನೂ ಬಿಚ್ಚಬೇಡಿ. ಸಾಮಾನ್ಯ ಪಾಲಿಸಿಯಲ್ಲಿ ಬಣ್ಣದ ಸಾಮಗ್ರಿಯ ಮೇಲೆ ಶೇ 50 ಸವಕಳಿ ಕಳೆಯುತ್ತಾರೆ. ಪೇಂಟಿಂಗಿಗೆ ಒಟ್ಟು ಒಂದೇ ಬಿಲ್ ಕೊಟ್ಟಿದ್ದರೆ ಅದರ ಶೇ 25ನ್ನು ಸಾಮಗ್ರಿ ಎಂದು ಹಿಡಿಯುತ್ತಾರೆ. ಅಂದರೆ 8,000 ರೂಪಾಯಿಯ ಪೇಂಟಿಂಗ್ ಬಿಲ್ಲಿಗೆ 2,000 ಸಾಮಗ್ರಿ, ಅದರಲ್ಲಿ 1,000 ಕಡಿತ. ಪ್ಲಾಸ್ಟಿಕ್, ರಬ್ಬರ್ ಸಾಮಾನಿಗೂ ಶೇ 50 ಸವಕಳಿ. ಇದನ್ನು ಮೊದಲೇ ವಿವರಿಸಿದರೆ ಕೊನೆಗೆ ಜಗಳ ಇರುವುದಿಲ್ಲ. ಗಾಡಿಯ ಬಣ್ಣವನ್ನೇ ಬದಲಿಸುವುದಾದರೆ ಆರ್‌ಸಿಯಲ್ಲಿ ಬದಲಾವಣೆ ನಮೂದಾಗಬೇಕು ಎಂದೂ ಹೇಳಿ. ಪ್ರತಿ ಹಂತದ ಫೋಟೊ ತೆಗೆದಿಡಿ. ಮುಂದಿನ ಗಿರಾಕಿಗೆ ಅದೇ ನಿಮ್ಮ ಜಾಹೀರಾತು.

18. ಸಣ್ಣ ಊರು ಎಂಬ ಸಬೂಬು ತೆಗೆದುಹಾಕಿ

ಐಟಿಐಯಲ್ಲಿ ಆಟೋ ಬಾಡಿ ರಿಪೇರಿ, ಆಟೋ ಬಾಡಿ ಪೇಂಟಿಂಗ್ ಎಂಬ ಒಂದೊಂದು ವರ್ಷದ ಟ್ರೇಡುಗಳೇ ಇವೆ. ಎರಡು ವರ್ಷಕ್ಕೊಮ್ಮೆ ನಡೆಯುವ ವರ್ಲ್ಡ್‌ಸ್ಕಿಲ್ಸ್ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಕಾರ್ ಪೇಂಟಿಂಗಿಗೂ ಬಾಡಿ ರಿಪೇರಿಗೂ ಪ್ರತ್ಯೇಕ ಪದಕಗಳಿವೆ. ಬಹುತೇಕ ವಿಭಾಗಗಳಲ್ಲಿ ವಯಸ್ಸಿನ ಮಿತಿ 22. ನಿಮಗೆ ಹತ್ತೊಂಬತ್ತು ಇದ್ದರೆ ಇನ್ನೂ ಸಮಯ ಇದೆ. ಸ್ವಂತ ಶೆಡ್ ಹಾಕುವ ಆಸೆಗೆ 2015ರಲ್ಲಿ ಶುರುವಾದ ಮುದ್ರಾ ಯೋಜನೆ ಇದೆ. ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ, ಕಿಶೋರ್ ವಿಭಾಗದಲ್ಲಿ 5 ಲಕ್ಷದವರೆಗೆ ಅಡಮಾನವಿಲ್ಲದೆ ಸಾಲ ಕೇಳಬಹುದು. ಒಳ್ಳೆಯ ಗನ್, ಕಂಪ್ರೆಸರ್, ಮಾಸ್ಕಿಗೆ ಅದು ಸಾಕು. ಬ್ಯಾಂಕಿಗೆ ಹೋಗುವಾಗ ಆ ಫೋಟೊಗಳನ್ನೂ ಬರೆದ ಬಿಲ್ಲುಗಳನ್ನೂ ಒಯ್ಯಿರಿ.

‘ಆಗ್ತೈತೋ ಇಲ್ಲೋ’ ಎಂದು ಕೂರಬೇಡಿ. ಎಲ್ಲಿಂದ ಶುರು ಮಾಡುವುದು ಎಂದು ಗೊತ್ತಾಗದಿದ್ದರೆ, ನಾಳೆ ಬೆಳಿಗ್ಗೆ ಶೆಡ್ಡಿನ ಬೀಗ ತೆಗೆದ ಕೂಡಲೇ, ಚಹಾಕ್ಕೂ ಮೊದಲು, ಕಂಪ್ರೆಸರಿನ ತಳದ ವಾಲ್ವ್ ತಿರುಗಿಸಿ ನೀರು ಹೊರಗೆ ಬಿಡಿ.